ಹಳೇ ಕ್ಯಾಮೆರಾ ಸಾಕು, ಲೆನ್ಸ್ ನೋಡಿ ತಗೊಳ್ಳಿ

[ಪರದೆ ಮೇಲೆ ಅಕ್ಕಪಕ್ಕ ಎರಡು ಫೋಟೋ]

ಈ ಎರಡು ಫೋಟೋ ನೋಡಿ. ಗದಗದ ನಮ್ಮ ಮನೆಯಲ್ಲಿ ತಂಗಿಯ ಕುಬಸದ ದಿನ ತೆಗೆದದ್ದು. ನಡುಮನೆ, ಒಂದೇ ಟ್ಯೂಬ್‌ಲೈಟ್. ಎಡಗಡೆ ಫೋಟೋದಲ್ಲಿ ಆರತಿ ತಟ್ಟೆ ಬರೀ ಹಳದಿ ಗೆರೆ, ಅವ್ವನ ಕೈಗೆ ಬೆರಳೇ ಇಲ್ಲ. ಬಲಗಡೆಯದರಲ್ಲಿ ಬಳೆ ಎಣಿಸಬಹುದು. ಕ್ಯಾಮೆರಾ ಒಂದೇ. ಬದಲಾಗಿದ್ದು ಲೆನ್ಸ್.

[ಲೆನ್ಸ್ ಕೈಯಲ್ಲಿ, ಹತ್ತಿರದಿಂದ]

ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಯ ಬೆಳಕಿಂಡಿ ಗೊತ್ತಲ್ವಾ? ಲೆನ್ಸ್ ಒಳಗೂ ಅಂಥದ್ದೊಂದು ಕಿಂಡಿ ಇದೆ. ಅದರ ಅಳತೆ ಹೇಳೋದು ಎಫ್ ಪಕ್ಕದ ನಂಬರ್, ಅದು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇನ್ನೊಂದು ನಂಬರ್ ಎಂಎಂ, ಅದು ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಕ್ಯಾಮೆರಾ ಜೊತೆ ಬರುವ 18-55 ಎಂಎಂ ಲೆನ್ಸ್ ಪೂರ್ತಿ ಝೂಮ್ ಮಾಡಿದಾಗ ಎಫ್ 5.6ಕ್ಕೆ ನಿಲ್ಲುತ್ತದೆ. 50 ಎಂಎಂ ಲೆನ್ಸ್ 1.8ರವರೆಗೆ ತೆರೆಯುತ್ತದೆ. ಅಂದ್ರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು. ಫೋಟೋಗೆ ಬೇಕಾದ ಬೆಳಕು ತುಂಬಲು ಮೊದಲನೆಯದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕಾದರೆ, ಇದಕ್ಕೆ ನೂರನೇ ಒಂದು ಭಾಗ ಸಾಕು. ಅಷ್ಟರಲ್ಲಿ ಕೈ ಎಷ್ಟು ಅಲುಗಾಡೀತು?

ಅದಕ್ಕೇ, ದುಡ್ಡು ಕಡಿಮೆ ಇದ್ದರೆ ಬಾಡಿ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಉಳಿದದ್ದನ್ನು ಲೆನ್ಸ್‌ಗೆ ಹಾಕಿ. ಲಕ್ಕುಂಡಿಯ ಗುಡಿಗಳನ್ನು ಹೊರಗಿನಿಂದ ತೆಗೆಯಲು ಆ 18-55 ಧಾರಾಳ ಸಾಕು, ಬೆಳಿಗ್ಗೆ ಬೇಗ ಹೋಗಿ ಅಷ್ಟೇ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ತೆಗೆಯೋ ಆಸೆ ಇದ್ದರೆ ಮಾತು ಬೇರೆ. ಅದಕ್ಕೆ 300 ಎಂಎಂ ಆದರೂ ಬೇಕು. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

[ಮೊಬೈಲ್ ಟಾರ್ಚ್ ಹಾಕಿ ಲೆನ್ಸ್ ತೋರಿಸುವುದು]

ಅಂಗಡಿಗೆ ಹೋದಾಗ ಮೊದಲು ಇದನ್ನು ಮಾಡಿ. ಲೆನ್ಸ್‌ನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಹಾಕಿ, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆ ಇಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಅಗ್ಗಕ್ಕೆ ಕೊಟ್ಟರೂ ಬೇಡ. ಧಾರವಾಡದ ಮಳೆಗಾಲ ನೋಡಿದವರಿಗೆ ಇದು ಎಲ್ಲಿಂದ ಬರುತ್ತದೆ ಅಂತ ಹೇಳಬೇಕಿಲ್ಲ. ಮನೆಯಲ್ಲಿ ಗಾಳಿಯಾಡದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಅದರಲ್ಲಿಡಿ. ಅಕ್ಕಿ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಅಕ್ಕಿ ಪುಡಿ ಒಳಗೆ ಹೋಗುತ್ತದೆ.

ಆಮೇಲೆ ಬಾಡಿ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಬಾಡಿಯೊಳಗೆ ಫೋಟೋ ಮೂಡುವ ಸೆನ್ಸರ್ ಮೇಲೆ ಧೂಳು ಕೂತಿರಬಹುದು. ಸಾಮಾನ್ಯವಾಗಿ ಸ್ವಚ್ಛ ಮಾಡಿಸಬಹುದು, ಆದರೆ ಆ ನೆಪದಲ್ಲಿ ಬೆಲೆ ಇಳಿಸಿ. ನಿಕಾನ್ ಆದರೆ ಎಷ್ಟು ಕ್ಲಿಕ್ ಆಗಿದೆ ಅನ್ನೋದು ಫೋಟೋ ಫೈಲ್‌ನಲ್ಲೇ ಸಿಗುತ್ತದೆ. ಪ್ರತಿ ಕ್ಲಿಕ್‌ಗೂ ತೆರೆದು ಮುಚ್ಚುವ ಪರದೆಯೇ ಶಟರ್; ನಿಕಾನ್ ಡಿ3500 ಶಟರ್‌ಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 1 ಲಕ್ಷ ಕ್ಲಿಕ್. ಎಂಬತ್ತು ಸಾವಿರ ದಾಟಿದ್ದರೆ ನಾನಂತೂ ಮುಟ್ಟುವುದಿಲ್ಲ.

[ಕ್ಯಾಮೆರಾಕ್ಕೆ ನೇರ ನೋಡುತ್ತಾ]

ಈಗ ನನ್ನ ದಡ್ಡತನ ಹೇಳ್ತೀನಿ. ನನ್ನದು ನಿಕಾನ್ ಡಿ3400. ಹಳೇ 50 ಎಂಎಂ 'ಡಿ' ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಿಂದ ತಂದೆ. ಮನೆಗೆ ಬಂದು ಹಾಕಿದರೆ ಆಟೋಫೋಕಸ್ಸೇ ಇಲ್ಲ, ಕೈಯಿಂದಲೇ ಫೋಕಸ್ ಮಾಡಬೇಕು! ಈ ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ, ಆ ಲೆನ್ಸ್‌ನಲ್ಲೂ ಇಲ್ಲ. ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಿ3000, ಡಿ5000 ಸರಣಿಯ ಬಾಡಿ ಇದ್ದರೆ ಲೆನ್ಸ್ ಮೇಲೆ 'ಎಎಫ್-ಎಸ್' ಅಂತ ಇದೆಯಾ ನೋಡಿ, ಇದ್ದರೆ ಲೆನ್ಸ್‌ನಲ್ಲೇ ಮೋಟರ್ ಇರುತ್ತದೆ. 35 ಎಂಎಂ 1.8 ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕ ಕೋಣೆಯಲ್ಲಿ 50 ಹಾಕಿದರೆ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗುತ್ತದೆ. ಕ್ಯಾನನ್ ಇಎಫ್ ಲೆನ್ಸ್‌ಗಳಲ್ಲಿ ಈ ಮೋಟರ್ ತಲೆನೋವಿಲ್ಲ.

[ಮತ್ತೆ ಬಲಗಡೆಯ ಫೋಟೋ]

ಮೊದಲು ತೋರಿಸಿದ ಈ ಆರತಿ ಫೋಟೋ ಆ ಹಳೇ 'ಡಿ' ಲೆನ್ಸ್‌ನದೇ. ರಿಂಗ್ ತಿರುಗಿಸುತ್ತಾ, ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಫೋಕಸ್ ಆಯ್ತು ಅನ್ನೋ ಹಸಿರು ಚುಕ್ಕೆ ಹತ್ತಿದ ಕೂಡಲೇ ಕ್ಲಿಕ್. ನಲವತ್ತು ತೆಗೆದೆ. ಫೋಕಸ್ ಸರಿಯಾಗಿ ಬಿದ್ದದ್ದು ಏಳು.