ಎರಡೇ ನಿಮಿಷಕ್ಕ ಗ್ಯಾಸ್ ಗಾಡಿ ಯಾಕ ಬಂದ್ ಬೀಳ್ತೈತಿ? ಕಿಟ್ ಬಿಡ್ರಿ, ಮೊದಲ ನೀರು ನೋಡ್ರಿ

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತಿನ ಪ್ರಶ್ನೆ ಸಿಂದಗಿ ಕಡಿಯಿಂದ ಬಂದೈತಿ. "ಅಣ್ಣಾರ, ನಂದು ಎಲ್‌ಪಿಜಿ ಕಿಟ್ ಹಾಕಿದ ಹಳೆ ಗಾಡಿ. ಪೆಟ್ರೋಲ್ ಮ್ಯಾಲೆ ಎಲ್ಲಿಗೆ ಬೇಕಾದ್ರೂ ಹೋಗ್ತೈತಿ. ಗ್ಯಾಸಿಗೆ ಹಾಕಿದ್ರ ಎರಡು ನಿಮಿಷ ಚಂದ ಓಡಿ ಗಕ್ಕನ ನಿಲ್ತೈತಿ. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದ್ರ ಮತ್ತ ಓಡ್ತೈತಿ. ಎಲ್ಲಾರೂ ಕಿಟ್ಟ ಬದಲಿ ಮಾಡು ಅಂತಾರ. ಏನ್ ಮಾಡ್ಲಿ?"

ಸದ್ಯಕ್ಕ ಏನೂ ಮಾಡಬ್ಯಾಡ್ರಿ. ರೊಕ್ಕ ಕಿಸೇದಾಗ ಇರಲಿ.

ಆ "ಹತ್ತು ನಿಮಿಷ ಬಿಟ್ರ ಮತ್ತ ಓಡ್ತೈತಿ" ಅಂದ್ರಲ್ಲ, ರೋಗದ ಹೆಸರು ಅದರಾಗ ಐತಿ. ಕೆಟ್ಟುಹೋದ ಸಾಮಾನು ಹತ್ತು ನಿಮಿಷ ಕುಂತ್ರ ತಾನ ಸುದ್ದ ಆಗಂಗಿಲ್ಲ. ಇಲ್ಲಿ ಏನೋ ತಣ್ಣಗ ಆಗಾಕತ್ತೈತಿ, ಕುಂತಾಗ ಮತ್ತ ಬೆಚ್ಚಗ ಆಗಾಕತ್ತೈತಿ.

[ಸ್ಕ್ರೀನ್ ಮ್ಯಾಲೆ: ಟ್ಯಾಂಕಿಯಿಂದ ಎಂಜಿನ್ ತನಕ ಚಿತ್ರ]

ಬೇಸಿಕ್ ಲಗೂನ ಹೇಳಿಬಿಡ್ತೀನಿ. ಡಿಕ್ಕ್ಯಾಗಿನ ಟ್ಯಾಂಕಿಯೊಳಗ ಎಲ್‌ಪಿಜಿ ದ್ರವ ರೂಪದಾಗ ಇರ್ತೈತಿ, ಒತ್ತಡದಾಗ. ಸಣ್ಣ ಪೈಪಿನ್ಯಾಗ ದ್ರವ ಆಗೇ ಮುಂದ ಬರ್ತೈತಿ. ಬಾನೆಟ್ ಕೆಳಗ ರೆಡ್ಯೂಸರ್ ಅಂತ ಒಂದು ಅಲ್ಯೂಮಿನಿಯಂ ಡಬ್ಬಿ ಐತಿ, ಅಲ್ಲಿ ಆವಿ ಆಗಿ ಎಂಜಿನ್ನಿಗೆ ಹೋಗ್ತೈತಿ. ಮುಗೀತು.

ಈಗ ನನಗ ಬಾಳ ಸೇರೂ ವಿಷಯಕ್ಕ ಬರೂಣು. ಮೇ ತಿಂಗಳು, ವಿಜಯಪುರದಾಗ 40 ಡಿಗ್ರಿ ಬಿಸಲು, ಗೋಳಗುಮ್ಮಟದ ಮುಂದ ಬರಿಗಾಲಿನ್ಯಾಗ ನಿಂತ್ರ ಅಂಗಾಲು ಸುಡ್ತೈತಿ. ಅಂಥಾ ಹೊತ್ತಿನ್ಯಾಗ ನಿಂತ ಗಾಡಿ ಬಾನೆಟ್ ತಗದ್ರ ರೆಡ್ಯೂಸರ್ ಮ್ಯಾಲೆ ಬೆಳ್ಳನ ಬರ್ಫ ಕುಂತಿರ್ತೈತಿ! ಉಗುರಿನಿಂದ ಕೆರದ್ರ ಪುಡಿ ಪುಡಿ ಉದರ್ತೈತಿ.

ಇದು ಹ್ಯಾಂಗ? ಮದುವಿ ಮನ್ಯಾಗ ಪೆಂಡಾಲ್ ಹಿಂದ ಅಡಗಿ ಮಾಡೂ ಕಡೆ ಹೋಗಿ ನೋಡ್ರಿ. ದೊಡ್ಡ ಒಲಿ ಮ್ಯಾಲೆ ಗೋದಿ ಹುಗ್ಗಿ ಕುದೀತಿರ್ತೈತಿ, ಬಾಜೂಕಿನ ಸಿಲಿಂಡರ್ ಅರ್ಧಕ್ಕ ಬೆವತು ಬೆಳ್ಳಗಾಗಿರ್ತೈತಿ. ಉರಿ ಸಣ್ಣ ಆಗ್ತೈತಿ. ಹೊಸಬ ಇದ್ದಾಂವ ಗ್ಯಾಸ್ ತೀರಿತು ಅಂತಾನ. ಪಳಗಿದ ಅಡಗ್ಯಾಂವ ಏನೂ ಮಾತಾಡದ ಸಿಲಿಂಡರ್ ಎತ್ತಿ ನೀರಿನ ಬುಟ್ಟ್ಯಾಗ ಇಡ್ತಾನ. ಉರಿ ಮತ್ತ ಏಳ್ತೈತಿ! ಒಳಗ ಗ್ಯಾಸ್ ಇತ್ತು, ಆದ್ರ ಆವಿ ಆಗಾಕ ಶಾಖ ಇರಲಿಲ್ಲ. ಹೊರಗಿಂದ ಸಾಕಷ್ಟು ಸಿಗಲಿಲ್ಲ ಅಂದ್ರ ಸಿಲಿಂಡರಿನ ಮೈಯಾಗಿನ ಶಾಖಾನ ಎಳಕೊಂತೈತಿ.

ಲೆಕ್ಕ ಬೇಕಂದ್ರ: ಎಲ್‌ಪಿಜಿಯೊಳಗ ಇರೂ ಪ್ರೋಪೇನ್ ಅನ್ನೂ ಅನಿಲ 1 ಕಿಲೋ ಆವಿ ಆಗಾಕ ಸುಮಾರು 350 ಕಿಲೋಜೂಲ್ ಶಾಖ ಬೇಕು. ಸೊನ್ನೆ ಡಿಗ್ರಿಗೆ ಇಳದ 1 ಲೀಟರ್ ನೀರಿನಿಂದ ಅಷ್ಟು ಶಾಖ ತಗದ್ರ ಪೂರ್ತಿ ನೀರು ಬರ್ಫ ಆಗ್ತೈತಿ. ಪ್ರೋಪೇನ್ ಕುದಿಯೂದು ಮೈನಸ್ 42 ಡಿಗ್ರಿಗೆ. ಅದರ ಮುಂದ ನಮ್ಮ ಬ್ಯಾಸಗಿ ಬಿಸಲಿನ ಆಟ ನಡ್ಯಂಗಿಲ್ಲ, ಬರೇ ಗಾಳಿಯಿಂದ ಅಷ್ಟು ಸಣ್ಣ ಡಬ್ಬಿಗೆ ಅಷ್ಟು ಶಾಖ ಮುಟ್ಟಂಗಿಲ್ಲ.

ಅದಕ್ಕ ಎಂಜಿನ್ನಿನ ಬಿಸಿನೀರನ್ನ ಎರಡು ರಬ್ಬರ್ ಪೈಪ್ ಹಚ್ಚಿ ರೆಡ್ಯೂಸರ್ ಒಳಗ ತಿರಗಿಸಿರ್ತಾರ. ನೀರು ತಿರಗಲಿಲ್ಲ ಅಂದ್ರ ಒಳಗ ಹೆಪ್ಪುಗಟ್ಟಿ, ಗ್ಯಾಸ್ ಸರಿಯಾಗಿ ಬರದ ಗಾಡಿ ನಿಲ್ತೈತಿ. ನಿಂತ ಮ್ಯಾಲೆ ಎಂಜಿನ್ ಝಳಕ್ಕ ಬರ್ಫ ಕರಗ್ತೈತಿ, ಮತ್ತ ಓಡ್ತೈತಿ. ಹೊಸಾ ಸೀಕ್ವೆನ್ಷಿಯಲ್ ಕಿಟ್ (ಕಂಪ್ಯೂಟರ್ ಹೇಳಿದಂಗ ಇಂಜೆಕ್ಟರಿನಿಂದ ಗ್ಯಾಸ್ ಬಿಡೂದು) ಇದ್ರ ನಿಲ್ಲಂಗಿಲ್ಲ, ಬೀಪ್ ಹೊಡದು ತಾನ ಪೆಟ್ರೋಲಿಗೆ ಹೋಗ್ತೈತಿ. ಮಾಲಕಗ ಪೆಟ್ರೋಲ್ ಬಿಲ್ ನೋಡಿದಾಗ ಗೊತ್ತಾಗ್ತೈತಿ.

[ಕ್ಯಾಮೆರಾ ಬಾನೆಟ್ ಒಳಗ, ಎರಡು ಪೈಪ್ ಹತ್ರದಿಂದ]

ಪರೀಕ್ಷೆ ಪುಕ್ಕಟೆ ಐತಿ. ಪೆಟ್ರೋಲ್ ಮ್ಯಾಲೆ ಓಡಿಸಿ ಟೆಂಪರೇಚರ್ ಮುಳ್ಳು ನಡುವ ಬರಲಿ. ಎಂಜಿನ್ ಬಂದ್ ಮಾಡ್ರಿ, ಚಾವಿ ತಗೀರಿ, ಫ್ಯಾನಿಗೆ ಕೈ ಹತ್ತಬಾರದು. ಆ ಎರಡೂ ಪೈಪು ಬಟ್ಟಿನಿಂದ ಮುಟ್ಟಿ ನೋಡ್ರಿ. ಎರಡೂ ಚುರುಕ್ ಅಂದ್ರ ನೀರು ತಿರಗಾಕತ್ತೈತಿ. ಒಂದು ಸುಟ್ಟು ಒಂದು ತಣ್ಣಗಿದ್ರ ಒಳಗ ಕಟಗೊಂಡೈತಿ. ಎರಡೂ ತಣ್ಣಗಿದ್ರ ನೀರು ಕಡಿಮಿ ಐತಿ, ಇಲ್ಲಾ ಗಾಳಿ ಹಿಡದೈತಿ. ರೆಡ್ಯೂಸರ್‌ನ ರೇಡಿಯೇಟರ್ ನೀರಿನ ಮಟ್ಟಕ್ಕಿಂತ ಮ್ಯಾಲೆ ಕೂಡಿಸಿದ್ರ ಗಾಳಿ ಹಿಡಿಯೂದು ಸಹಜ. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿ ಇದ್ದಾಗ ತಗೀಬ್ಯಾಡ್ರಿ, ಮಾರಿ ಸುಟಗೊಂತೀರಿ.

ನಮ್ಮ ಕಡೆ ಕಟಗೊಳ್ಳೂದು ಯಾಕಂದ್ರ, ಕೂಲಂಟ್ ಬದಲಿ ಬೋರಿನ ಸವಳು ನೀರು ಹಾಕ್ತೀವಿ. ಮನ್ಯಾಗ ನೀರು ಕಾಸೂ ಕಾಯಿಲ್ ತಗದು ನೋಡ್ರಿ, ಬೆಳ್ಳನ ಸುಣ್ಣ ಹತ್ತಿರ್ತೈತಿ. ಅದ ಸುಣ್ಣ ರೆಡ್ಯೂಸರಿನ ಸಂದಿಯೊಳಗೂ ಕೂಡ್ತೈತಿ.

ಇನ್ನೊಂದು, ನನಗ ಸಿಟ್ಟು ಬರೂದು. ಗಾಡಿ ಹೀಟ್ ಆಗ್ತೈತಿ ಅಂದ ಕೂಡ್ಲೆ ಥರ್ಮೋಸ್ಟಾಟ್ ಕಿತ್ತು ಒಗಿಯೂದು. "ನಮ್ಮ ಬಿಸಲಿಗೆ ಇದು ಬ್ಯಾಡ ತಗೀರಿ ಸಾಹೇಬ್ರ" ಅಂತಾರ. ಆ ಸಣ್ಣ ಬಾಗಿಲ ಸುಮಾರು 80ರಿಂದ 90 ಡಿಗ್ರಿ ತನಕ ನೀರನ್ನ ಎಂಜಿನ್ ಒಳಗ ಹಿಡದಿಡ್ತೈತಿ. ಅದು ಹೋದ್ರ ಹೈವೇ ಮ್ಯಾಲೆ ಗಾಳಿ ಹೊಡದಂಗ ನೀರು ತಣ್ಣಗಾಗ್ತಾ ಹೋಗ್ತೈತಿ. ಡಿಸೆಂಬರ್ ಮುಂಜಾನೆ ಗಾಡಿ ಲಗೂ ಗ್ಯಾಸಿಗೆ ಬೀಳೂದ ಇಲ್ಲ. ಆಮ್ಯಾಲೆ ಬೈಗಳ ಯಾರಿಗೆ? ಕಿಟ್ಟಿಗೆ. ಗಾಡಿ ಹೀಟ್ ಆಗ್ತೈತಿ ಅಂದ್ರ ರೇಡಿಯೇಟರ್ ತೊಳಸ್ರಿ, ಫ್ಯಾನ್ ನೋಡ್ರಿ. ಥರ್ಮೋಸ್ಟಾಟ್ ಏನ್ ತಪ್ಪ ಮಾಡೇತ್ರಿ?

ಬರ್ಫನ ಇಲ್ಲ, ಆದ್ರೂ ನಿಲ್ತೈತಿ ಅನ್ನೋರಿಗೆ ಒಂದು ಮಾತು. ಕಾರ್ಬೊರೇಟರ್ ಗಾಡಿ ಇದ್ರ, ಸ್ವಿಚ್ ಒತ್ತಿದ ಮ್ಯಾಲೆ ಓಡಿದ್ದು ಗ್ಯಾಸ್ ಮ್ಯಾಲೆ ಅಲ್ದ ಇರಬಹುದು. ಕಾರ್ಬೊರೇಟರಿನ ಬೌಲಿನ್ಯಾಗ, ಅಂದ್ರ ಪೆಟ್ರೋಲ್ ನಿಲ್ಲೂ ಸಣ್ಣ ಬಟ್ಟಲಿನ್ಯಾಗ, ಉಳದ ಪೆಟ್ರೋಲ್ ಮ್ಯಾಲೆ ಸ್ವಲ್ಪ ಹೊತ್ತು ಓಡಿ, ಅದು ತೀರಿದ ಕೂಡ್ಲೆ ನಿಂತಿರ್ತೈತಿ. ಗ್ಯಾಸ್ ವಾಲ್ವ್ ಮುಚ್ಚೇ ಇರ್ತೈತಿ! ಸ್ವಿಚ್ ಹಾಕಿದಾಗ ಸೊಲೆನಾಯ್ಡ್ (ಕರೆಂಟಿನಿಂದ ಗ್ಯಾಸ್ ವಾಲ್ವ್ ತಗಿಯೂ ಸಾಮಾನು) "ಟಕ್" ಅಂತೈತೋ ಇಲ್ಲೋ ಕಿವಿಗೊಟ್ಟು ಕೇಳ್ರಿ. ಅನ್ನಲಿಲ್ಲ ಅಂದ್ರ ಫ್ಯೂಸು, ವಾಯರು, ಅರ್ಥಿಂಗು.

ಎಡಿಟರ್ ಗಡಿಯಾರ ತೋರ್ಸಾಕತ್ತಾನ, ಉಳದದ್ದು ಲಗೂ ಲಗೂ. ಸಿಗ್ನಲ್ಲಿನ್ಯಾಗ ಅಷ್ಟ ಬಂದ್ ಬೀಳ್ತೈತಿ ಅಂದ್ರ ಸೀಳಿದ ವ್ಯಾಕ್ಯೂಮ್ ಪೈಪು, ಐಡಲ್ ಸೆಟ್ಟಿಂಗ್, ಜಿಡ್ಡು ಹಿಡದ ಗ್ಯಾಸ್ ಇಂಜೆಕ್ಟರ್. ಏರಿನ್ಯಾಗ ದಮ್ಮು ಕಟ್ತೈತಿ ಅಂದ್ರ ಗ್ಯಾಸ್ ಫಿಲ್ಟರ್, ಆಮ್ಯಾಲೆ ಸ್ಪಾರ್ಕ್ ಪ್ಲಗ್. ಗ್ಯಾಸಿಗೆ ಕಿಡಿ ಜೋರ್ ಬೇಕು, ಪೆಟ್ರೋಲ್ ಮ್ಯಾಲೆ ನಡದ ಸವದ ಪ್ಲಗ್ ಇಲ್ಲಿ ನಡ್ಯಂಗಿಲ್ಲ. ಲ್ಯಾಪ್‌ಟಾಪ್ ಹಚ್ಚಿ ಟ್ಯೂನಿಂಗ್ ಮಾಡ್ಸೂದು ಇದೆಲ್ಲಾ ಮುಗದ ಮ್ಯಾಲೆ. ಮನಿ ಸಿಲಿಂಡರಿನಿಂದ ಗಾಡಿಗೆ ಗ್ಯಾಸ್ ತುಂಬೂದು ಕಾನೂನಿಗೆ ವಿರುದ್ಧ, ಅದರ ಬಗ್ಗೆ ನನ್ನ ಕೇಳಬ್ಯಾಡ್ರಿ. ವಾಸನಿ ಬಂದ್ರ ಟ್ಯಾಂಕಿ ವಾಲ್ವ್ ಮುಚ್ಚಿ, ಗಾಡಿನ ಬಯಲಿಗೆ ತಳ್ರಿ, ಚಾಲೂ ಮಾಡಬ್ಯಾಡ್ರಿ. ಎಲ್‌ಪಿಜಿ ಗಾಳಿಗಿಂತ ಭಾರ, ಗ್ಯಾರೇಜಿನ ಗುಂಡ್ಯಾಗ ಇಳದು ಕೂಡ್ತೈತಿ.

ಸಿಎನ್‌ಜಿಯವ್ರು ಸಿಟ್ಟಾಗಬ್ಯಾಡ್ರಿ. ನಿಮ್ಮದು ಟ್ಯಾಂಕಿಯೊಳಗೂ ಅನಿಲಾನ, ಆದ್ರ 200 ಬಾರ್ ಒತ್ತಡದಿಂದ ಇಳಿಯೂವಾಗ ಅದೂ ತಣ್ಣಗಾಗ್ತೈತಿ, ಬಿಸಿನೀರಿನ ಪೈಪ್ ಪರೀಕ್ಷೆ ನಿಮಗೂ ನಡೀತೈತಿ. ಬಾಕಿದ್ದು ಮುಂದಿನ ವಿಡಿಯೋದಾಗ. ಅಷ್ಟರಾಗ ನಿಮ್ಮ ಸಿಎನ್‌ಜಿ ಸಿಲಿಂಡರ್ ಮ್ಯಾಲಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ಸಿಲಿಂಡರ್ ಗಟ್ಟಿ ಐತೋ ನೋಡೂ ಪರೀಕ್ಷೆ) ತಾರೀಖು ನೋಡಿಟ್ಟಿರ್ರಿ, 3 ವರ್ಷ ದಾಟಿದ್ರ ಮೊದಲ ಟೆಸ್ಟ್ ಮಾಡಸ್ರಿ.