ವಾಚೆಟ್ ತೀರದ ಬಿಳಿ ಸಿರೆಗಳು

ಈಗ ಕಾಣುತ್ತಿರುವುದು ಇಂಗ್ಲೆಂಡಿನ ಸಾಮರ್ಸೆಟ್ ಕರಾವಳಿಯಲ್ಲಿರುವ ವಾಚೆಟ್ ಊರಿನ ಕೆಂಪು ಕಡಿಬಂಡೆ. 20 ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಕಾಲದ ಸುಡುಬಿಸಿಲಿನಲ್ಲಿ ಒಣಗುತ್ತಿದ್ದ ಕೆಸರು ಪದರ ಪದರವಾಗಿ ಗಟ್ಟಿಯಾಗಿ ಈ ಮಣ್ಣುಶಿಲೆಯಾಗಿದೆ. ಅದರ ಮೈಮೇಲೆ ಹರಿದಾಡುವ ಬಿಳಿ ಸಿರೆಗಳು ಜಿಪ್ಸಮ್, ಅಂದರೆ ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟ್ ಖನಿಜ.

ಮುಂದಿನ ಭಾಗವನ್ನು ನಾನು ಎರಡು ಸಲ ಚಿತ್ರಿಸಬೇಕಾಯಿತು. ಮೊದಲು ಸಿಕ್ಕ ಬಂಡೆಯಲ್ಲಿ ಸಿರೆಗಳು ನೆಟ್ಟಗೆ ನಿಂತಿದ್ದವು, ಒಳಗಿನ ಹರಳಿನ ಎಳೆಗಳು ಅಡ್ಡಡ್ಡಲಾಗಿದ್ದವು. ಕಲ್ಲು ಅಕ್ಕಪಕ್ಕಕ್ಕೆ ಜಗ್ಗಿ ಬಿರಿದಿದೆ ಎಂದು ಅರ್ಧ ಗಂಟೆ ವಿವರಿಸಿದೆ. ಆಮೇಲೆ ನೋಡಿದರೆ ಬಂಡೆಯ ಪದರಗಳೂ ನೆಟ್ಟಗೆ ನಿಂತಿದ್ದವು. ಅದು ಮೇಲಿನಿಂದ ಕಳಚಿ ಬಿದ್ದು ಹೊರಳಿದ ಕಲ್ಲು. ನಾನು ಹೇಳಿದ್ದೆಲ್ಲ ತಪ್ಪಾಗಿತ್ತು, ಬೆಳಗಿನ ಒಳ್ಳೆಯ ಬೆಳಕೂ ಹೋಗಿತ್ತು. ಪದರದ ದಿಕ್ಕು ತಿಳಿಯದೆ ಸಿರೆಯ ಕಥೆ ಹೇಳಲೇಬಾರದು.

ಅಲುಗದೆ ನಿಂತಿರುವ ಈ ಗೋಡೆಯಲ್ಲಿ ಸಿರೆ ಪದರದ ಜೊತೆಗೇ ಮಲಗಿದೆ, ರೇಷ್ಮೆಯಂತೆ ಹೊಳೆಯುವ ಎಳೆಗಳು ಮಾತ್ರ ನೆಟ್ಟಗಿವೆ. ಎಳೆಗಳು ಬಿರುಕು ತೆರೆದ ದಿಕ್ಕಿಗೇ ಬೆಳೆಯುವುದರಿಂದ, ಇಲ್ಲಿ ಮೇಲಿನ ಬಂಡೆಯೇ ಮೇಲಕ್ಕೆದ್ದಿತ್ತು ಎಂದಾಯಿತು. ಎತ್ತಿದ್ದು ನೀರು. ಆಳದಲ್ಲಿ ಹೂತ ಮಣ್ಣುಶಿಲೆಯಿಂದ ನೀರು ಸುಲಭವಾಗಿ ಹೊರಬರಲಾರದು. ಅದರ ಒತ್ತಡ ಮೇಲಿನ ಭಾರವನ್ನು ಮೀರಿದಾಗ, ಒಳಗಿನ ಆವಿ ಪೂರಿಯ ಪದರಗಳನ್ನು ಬಿಡಿಸುವ ಹಾಗೆ, ಕಲ್ಲು ತನ್ನ ದುರ್ಬಲ ಪದರದ ಗುಂಟ ಬಿಡುತ್ತದೆ, ಇದೇ ಶಿಲೆಯ ಜಿಪ್ಸಮ್ ಉಂಡೆಗಳಿಂದ ಕರಗಿ ಬಂದ ಲವಣ ಅಲ್ಲಿ ಹರಳುಗಟ್ಟುತ್ತದೆ.

ಖಾಲಿ ಬಿರುಕು ಮೊದಲು, ಖನಿಜ ಆಮೇಲೆ ಎನ್ನುವ ಪಠ್ಯಚಿತ್ರಗಳನ್ನು ನಾನು ಒಪ್ಪುವುದಿಲ್ಲ. ಗೋಡೆಯಿಂದ ಗೋಡೆಗೆ ಚಾಚಿದ ಈ ಎಳೆಗಳು, ತೆರೆಯುವುದೂ ತುಂಬುವುದೂ ಒಟ್ಟಿಗೇ ನಡೆಯಿತೆಂದು ಹೇಳುತ್ತವೆ. ಕೂದಲಷ್ಟು ಸೀಳಿ, ಬೆಸೆದು, ಮತ್ತೆ ಸೀಳುವ ಇಂಥ ಸರಣಿಯನ್ನು ಭೂವಿಜ್ಞಾನಿ ಜಾನ್ ರ್ಯಾಮ್ಸೆ 1980ರಲ್ಲಿ ವಿವರಿಸಿದರು. ಆದರೆ ಪದರಗಳನ್ನು ಕತ್ತರಿಸಿಕೊಂಡು ಏರಿದ ಈ ಓರೆ ಸಿರೆಯಲ್ಲಿ ಎಳೆಗಳ ಶಿಸ್ತು ಕಾಣುತ್ತಿಲ್ಲ. ಇಲ್ಲಿ ಬಿರುಕು ತೆರೆದೇ ಇದ್ದಿರಬಹುದು, ಆದ್ದರಿಂದ ನನ್ನ ಮಾತನ್ನು ಮಲಗಿದ ಸಿರೆಗಳಿಗಷ್ಟೇ ಸೀಮಿತಗೊಳಿಸುತ್ತೇನೆ.

ಮಂಗಳ ಗ್ರಹದ ಗೇಲ್ ಕುಳಿಯಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಕಂಡ ಕ್ಯಾಲ್ಸಿಯಂ ಸಲ್ಫೇಟ್ ಸಿರೆಗಳನ್ನು ವಿಜ್ಞಾನಿಗಳು ಈ ವಾಚೆಟ್ ಸಿರೆಗಳೊಂದಿಗೆ ಹೋಲಿಸಿದ್ದಾರೆ; ಅಲ್ಲಿಯೂ ಅವು ಮಣ್ಣುಶಿಲೆಯಲ್ಲೇ ಇವೆ. ಅದನ್ನು ಇನ್ನಷ್ಟು ಹೇಳುವ ಆಸೆಯಿದೆ, ಆದರೆ ಇಲ್ಲಿ ಭರತ ಇಳಿತಗಳ ಅಂತರ 10 ಮೀಟರ್ ದಾಟುವುದುಂಟು, ನೀರು ಈಗಾಗಲೇ ಹೊರಳಿದ ಆ ಬಂಡೆಯನ್ನು ಮುಟ್ಟಿದೆ. ಕೊನೆಯದಾಗಿ ನಾಣ್ಯವಿಟ್ಟು ಸಿರೆಯ ದಪ್ಪ ತೋರಿಸಿ ಹೊರಡುತ್ತೇನೆ.