ಹೆಸರು ಕೊನೆಗೆ ಬರಲಿ: ಪದರಗಲ್ಲನ್ನು ಬಣ್ಣಿಸುವ ಬಗೆ

ಆತ್ಮೀಯ ಅಧ್ಯಾಪಕರೇ, ವಿದ್ಯಾರ್ಥಿಗಳೇ,

ಕಲ್ಲಿನ ಪದರ ನೋಡಲು ಶಿವಮೊಗ್ಗದಿಂದ ಬಾದಾಮಿಯವರೆಗೆ ಏಕೆ ಹೋಗಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಒಂದು ಕಾಲಕ್ಕೆ ಮರಳೂ ಜೇಡಿಯೂ ಆಗಿದ್ದ ಕಲ್ಲು ನಮ್ಮ ಜಿಲ್ಲೆಯಲ್ಲೂ ಇದೆ. ಆದರೆ ಅದು 250 ಕೋಟಿ ವರ್ಷಕ್ಕೂ ಹಳೆಯದು. ಒತ್ತಡಕ್ಕೆ, ಶಾಖಕ್ಕೆ ಸಿಕ್ಕಿ ಮರಳುಗಲ್ಲು ಕ್ವಾರ್ಟ್ಜೈಟ್ ಎಂಬ ಗಡಸು ಕಲ್ಲಾಗಿದೆ, ಶೇಲ್ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಫಿಲೈಟ್ ಎಂಬ ಹೊಳಪಿನ ಕಲ್ಲಾಗಿದೆ. ಸಾಲದ್ದಕ್ಕೆ ಮಲೆನಾಡಿನ ಮಳೆ. ಎಷ್ಟೋ ಕಡೆ ಜಂಬಿಟ್ಟಿಗೆ ದಪ್ಪವಾಗಿ ಹೊದ್ದುಕೊಂಡು ಬುಡದ ಬಂಡೆಯೇ ಕಾಣಿಸದು. ಬಾದಾಮಿಯಲ್ಲಿ ಮರಳುಗಲ್ಲು ಇನ್ನೂ ಮರಳುಗಲ್ಲಾಗಿಯೇ ಇದೆ, ಪದರಗಳು ಬಹುಮಟ್ಟಿಗೆ ಮಟ್ಟಸವಾಗಿವೆ. ಕಲಿಯುವವರಿಗೆ ಅದೇ ಒಳ್ಳೆಯ ಜಾಗ.

ಬಂಡೆಯ ಮುಂದೆ ನಿಂತಾಗ ನನ್ನ ಕೋರಿಕೆ ಒಂದೇ: ಕಂಡದ್ದನ್ನು ಮೊದಲು ಬರೆಯಿರಿ, ಹೆಸರು ಕೊನೆಗೆ ಬರಲಿ. ‘ಇದು ಶೇಲ್’ ಎಂದು ಬರೆದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸಿಬಿಡುತ್ತದೆ. ನೀವಿಟ್ಟ ಹೆಸರನ್ನು ನಾಳೆ ಇನ್ನೊಬ್ಬರು ತಿದ್ದಬಹುದು. ಅಳೆದು ಬರೆದ ದಪ್ಪ, ನೋಡಿ ಬರೆದ ಬಣ್ಣ ಅವರಿಗೂ ಕೆಲಸಕ್ಕೆ ಬರುತ್ತದೆ.

ಮೊದಲು ದೂರ ನಿಂತು ಇಡೀ ಬಂಡೆಯ ಚಿತ್ರ ಬರೆದುಕೊಳ್ಳಿ. ಆಮೇಲೆ ಬುಡದಿಂದ ಮೇಲಕ್ಕೆ ಹೋಗಿ. ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದು ಆಮೇಲಿನದು ಎಂದು ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೊ 1669ರಲ್ಲೇ ಹೇಳಿದ್ದಾನೆ. ಬಣ್ಣವನ್ನು ಹೊಸದಾಗಿ ಒಡೆದ ಮೈಯಲ್ಲಿ ನೋಡಿ. ಹೊರಮೈ ಮಳೆ ಬಿಸಿಲಿಗೆ ಬಣ್ಣಗೆಟ್ಟಿರುತ್ತದೆ. 2 ಮಿ.ಮೀ.ನಿಂದ 1/16 ಮಿ.ಮೀ.ವರೆಗಿನ ಕಣ ಮರಳು. 1/256 ಮಿ.ಮೀ.ಗಿಂತ ಸಣ್ಣದು ಜೇಡಿ. ಅದು ಕೈಮಸೂರಕ್ಕೂ ಕಾಣುವುದಿಲ್ಲ. ಇವೆರಡರ ನಡುವಿನದು ಗೋಡು. ಅನುಮಾನವಿದ್ದರೆ ಚೂರನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ: ಗೋಡು ಕರಕರ ಎನ್ನುತ್ತದೆ, ಜೇಡಿ ನುಣ್ಣಗಿರುತ್ತದೆ. ಒದ್ದೆ ಮಾಡಿದರೆ ಜೇಡಿಮಣ್ಣು ಅಂಟಂಟಾಗಿ ಬೆರಳಿಗೆ ಮಣಿಯುತ್ತದೆ. ಶೇಲ್ ಗಟ್ಟಿಯಾಗಿ, ತೆಳು ಹಾಳೆಗಳಾಗಿ ಸೀಳುತ್ತದೆ.

ಒಂದು ನಮೂದು ಹೀಗಿರಬಹುದು: ‘ಬುಡದಿಂದ ಮೂರನೆಯ ಪದರ. ದಪ್ಪ 12 ಸೆಂ.ಮೀ. ಒಡೆದ ಮೈ ಬೂದು, ಹೊರಮೈ ಕಂದು. ಕಣ ಕಾಣದು, ಹಲ್ಲಿಗೆ ನುಣುಪು. ಹಾಳೆಗಳಾಗಿ ಸೀಳುತ್ತದೆ. ಮೇಲಿನ ಗಡಿ ಸ್ಪಷ್ಟ, ಆದರೆ ಏರುಪೇರು.’ ಶೇಲ್ ಎಂಬ ಹೆಸರೇ ಇಲ್ಲ, ಆದರೂ ಓದಿದವರಿಗೆ ಅದೇ ಎಂದು ತಿಳಿಯುತ್ತದೆ.

ನಮೂದಿನ ಕೊನೆಗಿರುವ ಗಡಿಯ ವಾಕ್ಯವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ನನಗಂತೂ ಪದರಕ್ಕಿಂತ ಗಡಿಯೇ ಮುಖ್ಯ. ನೆರೆ ಇಳಿದ ಮೇಲೆ ತುಂಗೆಯ ದಂಡೆಯ ಕೊರಕಲು ನೋಡಿ. ಓಡುವ ನೀರು ಮರಳನ್ನು ಹೊತ್ತು ತರುತ್ತದೆ. ಜೇಡಿ ಕೂರಬೇಕಾದರೆ ನೀರು ನಿಲ್ಲಬೇಕು. ಮರಳು ಮೇಲೇರುತ್ತಾ ಸಣ್ಣದಾಗಿ ಜೇಡಿಯಲ್ಲಿ ಕರಗಿದ್ದರೆ ನೀರಿನ ಸೆಳೆತ ಮೆಲ್ಲನೆ ತಗ್ಗಿತು ಎಂದರ್ಥ. ಜೇಡಿಯ ಮೇಲೆ ಮರಳು ಥಟ್ಟನೆ ಶುರುವಾಗಿ, ಬುಡದಲ್ಲಿ ಜೇಡಿಯ ಚಕ್ಕೆಗಳೂ ಸಿಕ್ಕಿದ್ದರೆ, ಹೊಸ ಪ್ರವಾಹ ಕೆಳಗಿನ ಕೆಸರನ್ನು ಕೊರೆದು ಬಂದಿದೆ. ಬಾದಾಮಿಯ ಬಂಡೆಯಲ್ಲೂ ಇದೇ ಕಣ್ಣಿನಿಂದ ಗಡಿ ಹುಡುಕಿ.

ಮಲೆನಾಡಿಗೆ ಮರಳಿದ ಮೇಲೆ ಒಂದು ಎಚ್ಚರ ಬೇಕು. ಇಲ್ಲಿನ ಪದರಗಳು ಮಡಚಿವೆ, ಓರೆಯಾಗಿವೆ. ಕೆಲವೆಡೆ ಮಗುಚಿಯೂ ಇರಬಹುದು. ಕೆಳಗಿರುವುದೇ ಹಳೆಯದು ಎನ್ನುವಂತಿಲ್ಲ. ಬಾಬಾಬುಡನ್‌ಗಿರಿಯ ಕ್ವಾರ್ಟ್ಜೈಟ್‌ನಲ್ಲಿ ನೀರಿನ ಅಲೆಯ ಗುರುತುಗಳು ಇಂದಿಗೂ ಉಳಿದಿವೆ. ಅಲೆಯ ಚೂಪಾದ ನೆತ್ತಿ ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆಯ ಪದರ ಕಿರಿಯದು. ಅದನ್ನು ಬಾಣದ ಗುರುತಿನಿಂದ ತೋರಿಸಿ, ಪದರ ವಾಲಿದ ದಿಕ್ಕನ್ನೂ ಕೋನವನ್ನೂ ಅಳೆದು ಪಕ್ಕದಲ್ಲೇ ಬರೆಯಿರಿ.